ಸುಮ್ನೆ ಸಂಘದ ಏಳು ಪಂಕ್ಚರು

"ಎಣಿಸು," ಅಂದ ತಾತ.

ಕೆಂಪಿ ಹುಲ್ಲಿನ ಬಣವೆಯ ಹಿಂದಿನಿಂದ ತಲೆ ಮಾತ್ರ ಹೊರಗೆ ಹಾಕಿ ಎಣಿಸಿದಳು. ಕೆರೆ ಏರಿಯ ಮೇಲೆ ಸೈಕಲ್ಲುಗಳು ಸಾಲಾಗಿ ಬರುತ್ತಿದ್ದವು. ಮುಂದಿನವನು ಏನೋ ಹೇಳಿದ. ಹಿಂದಿನವರೆಲ್ಲ ನಕ್ಕರು. ನಗು ಕೊನೆಯ ಸೈಕಲ್ಲಿಗೆ ತಲುಪುವ ಹೊತ್ತಿಗೆ ಮೊದಲನೆಯವನ ನಗು ಮುಗಿದಿತ್ತು.

"ಹನ್ನೊಂದು, ತಾತ."

"ಓದ್ ವಾರ?"

"ಒಂಬತ್ತು."

"ಅದ್ರ ಇಂದಿನ ವಾರ?"

"ಆರು."

"ಬೆಳೀತಾ ಅವ್ರೆ," ಅಂದ ತಾತ. ರಾಗಿ ಹೊಲದಲ್ಲಿ ಕಳೆ ಕಂಡಾಗಲೂ ತಾತ ದೊಡ್ಡಮುನಿಯಪ್ಪ ಇದೇ ದನಿಯಲ್ಲಿ ಮಾತಾಡುತ್ತಿದ್ದ.

ಸೈಕಲ್ಲಿನವರು ತಾತನ ಹೊಲದ ಪಕ್ಕದ ಹೊಂಗೆ ಮರದ ಕೆಳಗೆ ಇಳಿದರು. ಒಬ್ಬರು ಬುತ್ತಿ ಬಿಚ್ಚಿದರು. ಒಬ್ಬರು ಹುಲ್ಲಿನ ಮೇಲೆ ಮಲಗಿ ಆಕಾಶ ನೋಡಿದರು. ಒಂದು ಗಂಟೆ ಹೀಗೇ ಕಳೆದು, ಬಂದ ದಾರಿಯಲ್ಲೇ ಹೊರಟುಹೋದರು. ಕೆಲಸವಿಲ್ಲ, ಪೂಜೆಯಿಲ್ಲ, ನೆಂಟರಿಲ್ಲ. ಏನೂ ಮಾಡದೆ ಇಷ್ಟು ಖುಷಿಯಾಗಿರುವ ಹನ್ನೊಂದು ಜನರನ್ನು ನಾಗಸಂದ್ರ ಅದುವರೆಗೆ ನೋಡಿರಲಿಲ್ಲ.

ಊರಿನವರು ವಿಚಾರಿಸಿರಲಿಲ್ಲ ಅಂತಲ್ಲ. ಅಂಗಡಿ ಚಿಕ್ಕಬೈರಪ್ಪ ಹೋದ ವಾರವೇ ವಿಚಾರಿಸಿದ್ದ. ಆ ಗುಂಪಿನ ಮುಖ್ಯಸ್ಥನಂತೆ ಕಾಣುತ್ತಿದ್ದವನ ಹೆಸರು ಮುನಿಗಂಗಪ್ಪ. ಯಶವಂತಪುರದ ಕಡೆಯವನು. ಫಿಟ್ಟರ್ ಕೆಲಸ.

"ಪ್ರತಿ ಭಾನುವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್ ಮುಂದೆ ಸೇರ್ತೀವಿ. ಸೈಕಲ್ ಇರೋರು ಯಾರಾದ್ರೂ ಬರಬಹುದು," ಅಂದಿದ್ದ ಮುನಿಗಂಗಪ್ಪ.

"ಎಷ್ಟು ತಗೋತೀರಿ?"

"ಏನೂ ಇಲ್ಲ. ಪುಕ್ಕಟೆ."

"ಸಂಘ ಏನಾದ್ರೂ ಇದ್ಯಾ?"

"ಇಲ್ಲ."

"ಮತ್ತೆ ಯಾಕ್ ಬರ್ತೀರಿ?"

"ಸುಮ್ನೆ."

ಈ 'ಸುಮ್ನೆ' ಊರನ್ನು ಹೆದರಿಸಿಬಿಟ್ಟಿತು. ಪೊಲೀಸರು ಅಂದಿದ್ದರೆ ಊರು ಇಷ್ಟು ಹೆದರುತ್ತಿರಲಿಲ್ಲ. ಅವತ್ತಿನಿಂದ ಅವರಿಗೆ 'ಸುಮ್ನೆ ಸಂಘ' ಅಂತಲೇ ಹೆಸರಾಯಿತು.

ಅದು ಸಾವಿರದ ಒಂಬೈನೂರ ಅರವತ್ಮೂರು. ಚೀನಾ ಜೊತೆಗಿನ ಯುದ್ಧ ನಿಂತು ಎಂಟು ತಿಂಗಳಾಗಿತ್ತು. ಗೂಢಚಾರರನ್ನು ಹಿಡಿಯುವ ಉತ್ಸಾಹ ಮಾತ್ರ ಇನ್ನೂ ನಿಂತಿರಲಿಲ್ಲ. ಚಿಕ್ಕಬೈರಪ್ಪ ಪೊಟ್ಟಣ ಕಟ್ಟಲು ತಂದ ಹಳೇ ಪೇಪರ್‌ಗಳನ್ನು ಓದಿ ಓದಿ ಲೋಕಜ್ಞಾನ ಬೆಳೆಸಿಕೊಂಡವನು.

"ಚೀನಾದೋರ ಕಡೆಯೋರು ಕಣ್ರೀ," ಅಂದ. "ಜಾಲಹಳ್ಳಿ ಏರೋಪ್ಲೇನ್ ಎಣಿಸ್ಕೊಂಡು ಹೋಗೋಕೆ ಬರ್ತಾರೆ."

"ಚೀನಾದೋರು ಚಿತ್ರಾನ್ನ ತರ್ತಾರಾ? ಇನ್ಶೂರೆನ್ಸ್‌ನೋರು ಇರ್ಬೇಕು," ಅಂದಳು ಕೆಂಪಿಯ ಅವ್ವ ಗೌರಮ್ಮ. "ಮೊದ್ಲು ನಗ್ತಾರೆ, ಆಮೇಲೆ ಸೈನ್ ಹಾಕು ಅಂತಾರೆ."

ತಾತ ಯಾವುದನ್ನೂ ಒಪ್ಪಲಿಲ್ಲ. ಅವನಿಗೆ ಬೇರೆ ಅನುಮಾನವಿತ್ತು.

ನಾಲ್ಕು ವರ್ಷದ ಹಿಂದೆ ಒಬ್ಬ ಮನುಷ್ಯ ಹೀಗೇ ಸೈಕಲ್ಲಿನಲ್ಲಿ ಬಂದಿದ್ದನಂತೆ. ಬಿಸಿಲು ಅಂದನಂತೆ. ತಾತ ಇದೇ ಹೊಂಗೆ ಮರದ ಕೆಳಗೆ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟ. ಆ ಮನುಷ್ಯ, "ನಿಮ್ಮ ಹೊಲ ಎಲ್ಲೀವರೆಗೂ ಬರುತ್ತೆ ಯಜಮಾನ್ರೆ?" ಅಂತ ಕೇಳಿದ. ತಾತ ತಾನೇ ನಡೆದುಹೋಗಿ ಎಲ್ಲೆಕಲ್ಲುಗಳನ್ನು ಒಂದೊಂದಾಗಿ ತೋರಿಸಿದ. ಮುಂದಿನ ವರ್ಷ ತಾತನ ಮೇಲಿನ ಹೊಲ ಒಂದು ಕಾರ್ಖಾನೆಯ ಕಾಂಪೌಂಡಿನ ಒಳಗೆ ಹೋಯಿತು. ಉಳಿದದ್ದು ಕೆರೆ ಕೆಳಗಿನ ಈ ಒಂದು ಹೊಲ.

ಹೋದ ಹೊಲದ ಬಗ್ಗೆ ತಾತ ಮಾತಾಡುತ್ತಿರಲಿಲ್ಲ. ಮಜ್ಜಿಗೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದ.

"ಕೊತ್ತಂಬರಿ ಸೊಪ್ಪು ಬೇರೆ ಆಕ್ಸಿದ್ದೆ," ಅನ್ನುತ್ತಿದ್ದ.

ಆಮೇಲೆ ಆ ಮನೆಯಲ್ಲಿ ಸೈಕಲ್ಲಿನಲ್ಲಿ ಬಂದ ಯಾರಿಗೂ ಮಜ್ಜಿಗೆ ಸಿಕ್ಕಿರಲಿಲ್ಲ.

"ಓಗು, ನೋಡ್ಕಂಡ್ ಬಾ," ಅಂದ ತಾತ ಈಗ. "ಮಾತ್ ಕೇಳ್ಬ್ಯಾಡ. ಕೈ ನೋಡು. ಬಾಯಿ ಏನಾರಾ ಏಳ್ತದೆ. ಕೈಯಾಗೆ ಏನೈತೆ ಅಂತ ಮೊದ್ಲು ನೋಡು."

ಕೆಂಪಿ ಹೋದಳು. ಯಾರೂ ಹೇಳದಿದ್ದರೂ ಹೋಗುತ್ತಿದ್ದಳು. ಅವರಲ್ಲಿ ಮರಿಯಮ್ಮ ಅಂತ ಒಬ್ಬ ನರ್ಸ್ ಇದ್ದರು. ಸೀರೆ ಉಟ್ಟು, ಅಡ್ಡಕಂಬಿ ಇಲ್ಲದ ಲೇಡೀಸ್ ಸೈಕಲ್ಲಿನ ಮೇಲೆ ನೆಟ್ಟಗೆ ಕೂತು ಬರುತ್ತಿದ್ದರು. ಕೆಂಪಿಗೆ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಹೊಡೆಯುವ ಒಳಪೆಡ್ಲು ಬರುತ್ತಿತ್ತು. ಸೀಟಿನ ಮೇಲೆ ಕೂರುವುದು ಇನ್ನೂ ಬಂದಿರಲಿಲ್ಲ.

ಅವರ ಕೈಗಳಲ್ಲಿ ಚಿತ್ರಾನ್ನವಿತ್ತು. ಮುನಿಗಂಗಪ್ಪನ ಕೈಯಲ್ಲಿ ಮಾತ್ರ ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು. ಅವನು ತನ್ನ ಸೈಕಲ್ಲಿನ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನೋ ನೋಡಿ ಬರೆದುಕೊಳ್ಳುತ್ತಿದ್ದ. ಚಕ್ರದ ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಬ್ಬಿ. ಡಬ್ಬಿಯೊಳಗೆ ಅಂಕಿಗಳು.

"ಏನಿದು?" ಅಂದಳು ಕೆಂಪಿ.

"ಮೀಟರ್ ಕಣಮ್ಮ. ಚಕ್ರ ತಿರುಗಿದಂಗೆಲ್ಲ ಟಿಕ್ ಅನ್ನುತ್ತೆ. ಎಷ್ಟು ದೂರ ಆಯ್ತು ಅಂತ ಅಳೆಯುತ್ತೆ."

"ಅಳೆಯುತ್ತಾ?"

"ಕರೆಕ್ಟಾಗಿ ಅಳೆಯುತ್ತೆ. ಈ ಹೊಲ ನಿಮ್ದಾ? ತುಂಬ ಚೆನ್ನಾಗಿದೆ. ಎಲ್ಲೀವರೆಗೂ ಬರುತ್ತೆ?"

ಕೆಂಪಿ ಒಂದು ಹೆಜ್ಜೆ ಹಿಂದೆ ಸರಿದಳು. "ಗೊತ್ತಿಲ್ಲ," ಅಂದಳು.

"ನಿಂಗೆ ಸೈಕಲ್ ಬರುತ್ತಾ?" ಅಂದರು ಮರಿಯಮ್ಮ. "ಮುಂದಿನ ವಾರ ನೀನೂ ಬಾ. ನಿಧಾನ ಹೋಗೋರೇ ಮುಂದೆ ಹೋಗೋದು, ಅದೇ ನಮ್ಮ ರೂಲು. ಯಾರನ್ನೂ ಹಿಂದೆ ಬಿಟ್ಟು ಹೋಗಲ್ಲ."

ಕೆಂಪಿ ಉತ್ತರ ಕೊಡದೆ ಓಡಿದಳು. ಅಷ್ಟು ಚೆನ್ನಾಗಿ ಮಾತಾಡುವವರನ್ನು ನಂಬುವುದಾದರೂ ಹೇಗೆ?

ತಾತ ಎಲ್ಲ ಕೇಳಿದ. ಅಳೆಯುವ ಡಬ್ಬಿ. ನೋಟ್‌ಬುಕ್ಕು. ಎಲ್ಲೀವರೆಗೂ ಬರುತ್ತೆ ಅನ್ನುವ ಪ್ರಶ್ನೆ. ಅವನು ಬೈಯಲಿಲ್ಲ, ಕೂಗಲಿಲ್ಲ. ಸಂಜೆ ಒಬ್ಬನೇ ಹೊಲದ ಸುತ್ತ ನಡೆದ. ಒಂದೊಂದು ಎಲ್ಲೆಕಲ್ಲಿನ ಮೇಲೂ, ಕರುವಿನ ತಲೆ ಮುಟ್ಟುವ ಹಾಗೆ, ಕೈ ಇಟ್ಟು ಮುಂದೆ ಹೋದ.

ಕೆಂಪಿಗೆ ಅದನ್ನು ನೋಡಲಾಗಲಿಲ್ಲ. ಈ ಹೊಲ ಹೋಗಬಾರದು. ಹೋಗಬಾರದು ಅಂದರೆ ಸೈಕಲ್ಲುಗಳು ಬರಬಾರದು. ಲೆಕ್ಕ ಅಷ್ಟೇ.

ಶನಿವಾರ ಸಂಜೆ ಅವಳು ಲಂಗದ ಮಡಿಲು ತುಂಬ ಜಾಲಿ ಮುಳ್ಳು ತುಂಬಿಕೊಂಡು ಬಂದು ಕೆರೆ ಏರಿಯ ಮೇಲೆ, ಭತ್ತ ಚೆಲ್ಲುವ ಹಾಗೆ ಚೆಲ್ಲಿದಳು. ಕೈಯೆಲ್ಲ ಗೀರಿತ್ತು. ಉರಿಯುತ್ತಿತ್ತು. ಆದರೂ ಅವತ್ತು ರಾತ್ರಿ ಅವಳಿಗೆ ಒಳ್ಳೇ ನಿದ್ದೆ ಬಂತು.

ಭಾನುವಾರ ಏಳು ಪಂಕ್ಚರಾದವು.

ಸುಮ್ನೆ ಸಂಘ ಅವತ್ತು ಹೊಂಗೆ ಮರದವರೆಗೆ ತಲುಪಲೇ ಇಲ್ಲ. ಎಲ್ಲರೂ ಸೈಕಲ್ ತಳ್ಳಿಕೊಂಡು ತುಮಕೂರು ರೋಡಿಗೆ ವಾಪಸ್ ನಡೆದರು. ಪಂಕ್ಚರ್ ಆಗದವರೂ ನಡೆದರು. ಯಾರನ್ನೂ ಹಿಂದೆ ಬಿಡುವಂತಿಲ್ಲವಲ್ಲ. ಕೆಂಪಿ ಬೇಲಿಯ ಮರೆಯಲ್ಲಿ ಹಿಂದೆಯೇ ಹೋದಳು.

ರೋಡಿನ ತಿರುವಿನಲ್ಲಿ ಮೆಹಬೂಬ್ ಪಾಷಾನ ಸೈಕಲ್ ಶಾಪ್ ಇತ್ತು. ತಗಡಿನ ಶೆಡ್ಡು, ಮುಂದೆ ಬಾಡಿಗೆ ಸೈಕಲ್ಲುಗಳು, ಹಿಂದೆ ಮನೆ. ಪಾಷಾನ ಮಗಳು ಸಬೀರಾ, ಕೆಂಪಿಯ ಕ್ಲಾಸು, ಕೆಂಪಿಯ ಬೆಂಚು. ಕೆಂಪಿಗೆ ಒಳಪೆಡ್ಲು ಕಲಿಸಿದವಳೂ ಅವಳೇ. ಅಪ್ಪ ಊಟಕ್ಕೆ ಹೋದಾಗ ಚಿಕ್ಕ ಸೈಕಲ್ಲು ಇಳಿಸಿಕೊಂಡು, ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿ ಓಡಿ ಕಲಿಸಿದ್ದಳು.

ಪಾಷಾ ಟ್ಯೂಬುಗಳನ್ನು ಒಂದೊಂದಾಗಿ ಬೋಗುಣಿಯ ನೀರಿನಲ್ಲಿ ಅದ್ದಿದ. ಗುಳುಗುಳು ಅಂತ ಗುಳ್ಳೆ ಬಂದವು. ಸಬೀರಾ ಪಕ್ಕದಲ್ಲಿ ಕೂತು ಟೈರುಗಳಿಂದ ಮುಳ್ಳು ಕಿತ್ತು ಕಾಗದದ ಮೇಲೆ ಇಡುತ್ತಿದ್ದಳು. ಕಾಗದದ ಮೇಲೆ ಒಂದು ಚಿಕ್ಕ ಗುಡ್ಡೆಯೇ ಆಯಿತು.

ಎದುರಿನ ಅಂಗಡಿಯಿಂದ ಚಿಕ್ಕಬೈರಪ್ಪ ದಾಟಿ ಬಂದ. ಒಂದು ಮುಳ್ಳನ್ನು ಎತ್ತಿ ಬೆಳಕಿಗೆ ಹಿಡಿದ.

"ಜಾಲಿ ಮುಳ್ಳು," ಅಂದ. "ಏರಿ ಮೇಲೆ ಜಾಲಿ ಮರ ಎಲ್ಲಿದೆ ಸ್ವಾಮಿ? ಇರೋವೆಲ್ಲ ಹೊಂಗೆ, ಹುಣಸೆ. ಇದು ತಾನಾಗೇ ನಡ್ಕೊಂಡು ಬಂತಾ?"

ಅವನು ಮುಳ್ಳನ್ನು ಕಾಗದದ ಮೇಲೆ ವಾಪಸ್ ಇಟ್ಟ.

"ಪಂಕ್ಚರ್ ಆದ್ರೆ ಲಾಭ ಯಾರಿಗೆ? ಅಷ್ಟ್ ಯೋಚ್ನೆ ಮಾಡಿ ಸಾಕು." ಹೀಗೆಂದು ಅವನು ಶೆಡ್ಡಿನ ಹಿಂದೆ ನೋಡಿದ. ಎಲ್ಲರೂ ನೋಡಿದರು. ಪಾಷಾನ ಮನೆಯ ಹಿತ್ತಲಲ್ಲಿ, ತಗಡಿನ ಮೇಲೆ ಬಾಗಿಕೊಂಡು, ಒಂದು ದೊಡ್ಡ ಜಾಲಿ ಮರವಿತ್ತು.

ಮುನಿಗಂಗಪ್ಪ ಮರ ನೋಡಿದ, ಪಾಷಾನನ್ನು ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ. ಅದೇ ಸಾಕಾಗಿತ್ತು.

ಪಾಷಾನ ಮುಖ ಕೆಂಪಾಯಿತು. "ಅರೆ, ನಾನ್ಯಾಕ್ರೀ ಹಾಕ್ಲಿ? ಬೇಡ, ಒಂದ್ ಕಾಸೂ ಬೇಡ ನಂಗೆ. ಏಳೂ ಪುಕ್ಕಟೆ ಮಾಡ್ಕೊಡ್ತೀನಿ, ತಗೊಂಡ್ಹೋಗಿ."

"ನೋಡಿದ್ರಾ?" ಅಂದ ಚಿಕ್ಕಬೈರಪ್ಪ. "ತಪ್ಪು ಮಾಡ್ದೆ ಇರೋನು ಪುಕ್ಕಟೆ ಯಾಕ್ ಮಾಡ್ತಾನೆ?"

ನಾಗಸಂದ್ರದಲ್ಲಿ ಪುಕ್ಕಟೆ ಅನ್ನುವ ಮಾತಿಗೆ ಅಷ್ಟು ಕೆಟ್ಟ ಹೆಸರು ಬಂದುಬಿಟ್ಟಿತ್ತು.

ಸಬೀರಾ ಮುಳ್ಳು ಕೀಳುವುದನ್ನು ನಿಲ್ಲಿಸಿದಳು. ಕೆಂಪಿ ಬೇಲಿಯ ಹಿಂದಿನಿಂದ ಮನೆಗೆ ಓಡಿದಳು.

ಸೋಮವಾರದ ಹೊತ್ತಿಗೆ ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. "ಮುಳ್ಳು ಪಾಷಾ, ಪಂಕ್ಚರ್ ಪಾಷಾ," ಅಂತ ಹುಡುಗರು ಹಾಡು ಕಟ್ಟಿದ್ದರು. ಸಬೀರಾ ಕೇಳಿಸದವಳ ಹಾಗೆ ಮಗ್ಗಿ ಬರೆಯುತ್ತಿದ್ದಳು. ಹದಿಮೂರರ ಮಗ್ಗಿಯನ್ನೇ ಮೂರು ಸಲ ಬರೆದಳು.

ವಾರವೆಲ್ಲ ಊರಿನವರು ಗಾಳಿ ಹೋದ ಸೈಕಲ್ಲನ್ನು ಗೊರಗುಂಟೆಪಾಳ್ಯದ ಶಾಪಿನವರೆಗೂ ತಳ್ಳಿಕೊಂಡು ಹೋದರು. ಪಾಷಾನ ಅಂಗಡಿಯ ಮುಂದೆಯೇ ತಳ್ಳಿಕೊಂಡು ಹೋದರು. ಬೋಗುಣಿಯ ನೀರು ಹಾಗೇ ಇತ್ತು.

ಗುರುವಾರ ಸಬೀರಾ ಅಂದಳು, "ನಾವು ಯಶವಂತಪುರಕ್ಕೆ ವಾಪಸ್ ಹೋಗ್ತೀವಿ ಕಣೇ. ಅಲ್ಲಿ ಮನ್ಸೂರ್ ಚಾಚಾದು ಶಾಪ್ ಇದೆ. ಅಬ್ಬಾ ಅವರ ಹತ್ರ ಕೆಲ್ಸಕ್ಕೆ ಸೇರ್ಕೋತಾರಂತೆ."

"ಸ್ಕೂಲು?"

"ಅಲ್ಲೇ ಯಾವ್ದಾದ್ರೂ." ಅವಳು ಕೆಂಪಿಯ ಕೈ ನೋಡಿದಳು. "ಏನೇ ಇದು, ಇಷ್ಟೊಂದು ಗೀರಿದೆ?"

"ಬೇಲಿ," ಅಂದಳು ಕೆಂಪಿ. "ಬೇಲಿ ದಾಟೋವಾಗ ಆಯ್ತು."

ಸಬೀರಾ ಇನ್ನೊಂದು ಸ್ವಲ್ಪ ಹೊತ್ತು ನೋಡಿದಳು. ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೆಂಪಿ ಎರಡೂ ಕೈಗಳನ್ನು ಬೆಂಚಿನ ಕೆಳಗೆ ಇಟ್ಟುಕೊಂಡಳು. ಮಧ್ಯಾಹ್ನದವರೆಗೂ ಮೇಲೆ ತೆಗೆಯಲಿಲ್ಲ.

ಸಂಜೆ ತಾತ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ತಾತ, ಮುಳ್ಳು ಹಾಕಿದ್ದು ಪಾಷಾ ಮಾಮ ಅಲ್ಲ."

"ಊಂ."

"ನಾನು."

ತಾತನ ಕೈ ನಿಲ್ಲಲಿಲ್ಲ. ಹಗ್ಗ ಇನ್ನೂ ಒಂದು ಗೇಣು ಉದ್ದವಾಯಿತು. ಆಮೇಲೆ ಅವನು ಕಾಲಲ್ಲಿದ್ದ ಮೆಟ್ಟನ್ನು ಬಿಚ್ಚಿ ತಿರುಗಿಸಿ ತೋರಿಸಿದ. ಅಡಿಯಲ್ಲಿ ಮೂರು ಜಾಲಿ ಮುಳ್ಳು, ಮುರಿದು ಕೂತಿದ್ದವು.

"ಬಾನ್ವಾರ ಬೆಳಿಗ್ಗೆ ಅವ್ರಿಗಿಂತ ಮುಂಚೆ ನಾನೇ ತುಳಿದ್ನಲ್ಲ," ಅಂದ. "ನಿನ್ ಲಂಗದಾಗೂ ಇದ್ವು. ನಿಮ್ಮವ್ವ ಒಗೆಯೋವಾಗ ಬೈಕಂತಿದ್ಲು."

ಕೆಂಪಿ ತಾತನನ್ನೇ ನೋಡಿದಳು. "ನಿಂಗೆ ಗೊತ್ತಿತ್ತಾ? ಪಾಷಾ ಮಾಮನ್ನ ಎಲ್ಲಾರೂ ಅನ್ನೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

ತಾತ ಹಗ್ಗದ ತುದಿ ಹುಡುಕಿದ. ತುದಿ ಅವನ ಕೈಯಲ್ಲೇ ಇತ್ತು.

"ಸೈಕಲ್‌ನೋರು ಇನ್ ಬರಲ್ಲ, ಸುಮ್ಕಿರಾಣ ಅನ್ಕಂಡೆ," ಅಂದ ಕೊನೆಗೆ.

ಒಳಗಡೆ ಅವ್ವ ಮಜ್ಜಿಗೆ ಕಡೆಯುವ ಸದ್ದು ಕೇಳಿಸುತ್ತಿತ್ತು. ಇಬ್ಬರೂ ಅದನ್ನೇ ಕೇಳುತ್ತ ಕೂತರು.

"ನಾನ್ ಹೋಗಿ ಹೇಳ್ತೀನಿ," ಅಂದಳು ಕೆಂಪಿ.

ತಾತ ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಆ ಭಾನುವಾರ ಸುಮ್ನೆ ಸಂಘದಲ್ಲಿ ನಾಲ್ಕೇ ಜನ ಇದ್ದರು. ಪಾಷಾನ ಶಾಪಿನ ತಿರುವಿನಲ್ಲಿ ಇಳಿದು, ನೆಲ ನೋಡುತ್ತ ಸೈಕಲ್ ತಳ್ಳತೊಡಗಿದರು. ಪಾಷಾ ಅವರತ್ತ ನೋಡಲಿಲ್ಲ. ಅವರೂ ಪಾಷಾನತ್ತ ನೋಡಲಿಲ್ಲ. ಚಿಕ್ಕಬೈರಪ್ಪ ಮಾತ್ರ ತನ್ನ ಅಂಗಡಿಯಿಂದ ಎಲ್ಲರನ್ನೂ ನೋಡುತ್ತಿದ್ದ.

"ಮುಳ್ಳು ಹಾಕಿದ್ದು ನಾನು," ಅಂದಳು ಕೆಂಪಿ.

ಯಾರಿಗೂ ಕೇಳಿಸಲಿಲ್ಲ. ಅದೇ ಹೊತ್ತಿಗೆ ತುಮಕೂರು ರೋಡಿನಲ್ಲಿ ಒಂದು ಲಾರಿ ಹೋಯಿತು. ಇಂಥ ಮಾತನ್ನು ಒಂದು ಸಲ ಹೇಳುವುದೇ ಕಷ್ಟ. ಕೆಂಪಿ ಲಾರಿ ದೂರ ಹೋಗುವವರೆಗೂ ಕಾದಳು.

"ಮುಳ್ಳು ನಾನ್ ಹಾಕಿದ್ದು! ಪಾಷಾ ಮಾಮ ಅಲ್ಲ!"

ಈ ಸಲ ಚಿಕ್ಕಬೈರಪ್ಪನಿಗೂ ಕೇಳಿಸಿತು. ಬೆಲ್ಲ ತೂಗುತ್ತಿದ್ದವನು ತಕ್ಕಡಿ ಹಿಡಿದುಕೊಂಡೇ ನಿಂತ.

"ನೀನಾ?" ಅಂದ ಮುನಿಗಂಗಪ್ಪ. "ಯಾಕಮ್ಮ?"

"ನೀವು ಹೊಲ ಅಳೀತೀರಲ್ಲ. ಮೀಟರಲ್ಲಿ. ಬರ್ಕೊತೀರಲ್ಲ."

ಮುನಿಗಂಗಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಕಿವಿಗಳು ಕೆಂಪಾದವು. ಜೇಬಿನಿಂದ ನೋಟ್‌ಬುಕ್ಕು ತೆಗೆದು ಕೆಂಪಿಯ ಕೈಗೆ ಕೊಟ್ಟ. ಒಂದೊಂದು ಪುಟದಲ್ಲೂ ತಾರೀಖು, ಮೈಲಿ. ಕೆಳಗೆ ಬೇರೆ ಯಾರದೋ ದುಂಡು ಅಕ್ಷರದ ಸಹಿ.

"ಇದು ನಮ್ಮನೆಯವಳ ಸೈನು," ಅಂದ. "ಭಾನುವಾರ ನಾನು ಇಸ್ಪೀಟು ಆಡೋಕೆ ಹೋಗ್ತೀನಿ ಅಂತ ಅವಳಿಗೆ ಅನುಮಾನ. ಅದಕ್ಕೇ ಮೀಟರ್ ಹಾಕ್ಸಿದ್ದು. ಮನೆಗೆ ಹೋದ ತಕ್ಷಣ ಚಕ್ರ ನೋಡಿ, ಪುಸ್ತಕ ನೋಡಿ, ಸೈನ್ ಹಾಕಿದ ಮೇಲೇನೇ ಊಟ."

ಮರಿಯಮ್ಮ ನಕ್ಕುಬಿಟ್ಟರು. "ಅಯ್ಯೋ ಮುನಿಗಂಗಪ್ನೋರೇ, ನಮ್ಗೆ ಆರೋಗ್ಯಕ್ಕೆ ಲೆಕ್ಕ ಇಡ್ತೀನಿ ಅಂತಿದ್ರಿ!"

"ಆರೋಗ್ಯಕ್ಕೇ ಮೇಡಂ, ನನ್ನ ಆರೋಗ್ಯಕ್ಕೇ."

ಎಲ್ಲರೂ ನಕ್ಕರು. ಪಾಷಾ ನಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಎದ್ದು ಬಂದ.

"ಮುಳ್ಳು ನಮ್ಮ ಮರದ್ದಾ?"

ಕೆಂಪಿ ತಲೆಯಾಡಿಸಿದಳು.

"ನಮ್ಮ ಹಿತ್ತಲಿಗೆ ಬಂದು ಕಿತ್ಕೊಂಡ್ಯಾ?"

"ಹೂಂ. ನೀವು ನಮಾಜಿಗೆ ಹೋಗಿದ್ರಿ."

ಪಾಷಾ ತಗಡಿನ ಮೇಲೆ ಬಾಗಿದ ಮರದತ್ತ ತಿರುಗಿ ನೋಡಿದ. "ಎಂಟ್ ವರ್ಷ ಆಯ್ತು ನಾನಿಲ್ಲಿ ಅಂಗ್ಡಿ ಇಟ್ಟು," ಅಂದ. ಕೆಂಪಿಗೆ ಹೇಳಿದನೋ, ಎದುರಿನ ಅಂಗಡಿಗೆ ಹೇಳಿದನೋ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಹೋದ.

ಮುನಿಗಂಗಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವನ ಹಿಂದೆಯೇ ಶೆಡ್ಡಿನೊಳಗೆ ಹೋದ. ಇಬ್ಬರೂ ಏನು ಮಾತಾಡಿದರೋ ಕೇಳಿಸಲಿಲ್ಲ. ಸುಮಾರು ಹೊತ್ತಾದ ಮೇಲೆ ಮುನಿಗಂಗಪ್ಪ ಹೊರಗೆ ಬಂದು ತನ್ನ ಸೈಕಲ್ಲನ್ನು ಪಾಷಾನ ಮುಂದೆ ನಿಲ್ಲಿಸಿ, "ಹಿಂದಿನ ಬ್ರೇಕ್ ಹಿಡೀತಿಲ್ಲ ಕಣ್ರೀ, ನೋಡಿ," ಅಂದ. ಬ್ರೇಕು ಚೆನ್ನಾಗಿಯೇ ಇತ್ತು. ಪಾಷಾ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಹಾಕಿ, ತನ್ನ ರೇಟು ತಗೊಂಡ.

ಚಿಕ್ಕಬೈರಪ್ಪ ಬೆಲ್ಲವನ್ನು ಮೊದಲಿನಿಂದ ತೂಗಿದ. ಸಂಜೆ ತನ್ನ ಸೈಕಲ್ಲಿಗೆ ಗಾಳಿ ಹೊಡೆಸಲು ದಾಟಿ ಬಂದ. ಸಾರಿ ಗೀರಿ ಏನೂ ಹೇಳಲಿಲ್ಲ. ಗಾಳಿ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಹೊಡೆಸಿಕೊಂಡ.

ಯಶವಂತಪುರಕ್ಕೆ ಹೋಗುವ ಮಾತು ಅಲ್ಲಿಗೇ ನಿಂತಿತು. ಸಬೀರಾ ಮಾತ್ರ ಆ ವಾರವೆಲ್ಲ ಬೆಂಚಿನ ಆ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಇನ್ನೊಬ್ಬಳು ಕೂರುವಷ್ಟು ಜಾಗವಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಕೆಂಪಿ ಶಾಪಿನ ಮುಂದೆ ನಿಂತಳು.

"ಚಿಕ್ಕ ಸೈಕಲ್ ಕೊಡ್ತೀಯಾ? ಅವ್ರ ಜೊತೆ ಹೋಗ್ಬೇಕು. ಮರಿಯಮ್ಮ ಮೇಡಂ ಕರ್ದಿದ್ರು."

ಸಬೀರಾ ಸೈಕಲ್ಲು ಇಳಿಸಿದಳು. ಮುಂದಿನ ಟೈರು ಒತ್ತಿ ನೋಡಿದಳು. ಹಿಂದಿನದೂ ಒತ್ತಿ ನೋಡಿದಳು. ಆಮೇಲೆ ಕೆಂಪಿಯ ಕೈಗಳನ್ನು ನೋಡಿದಳು.

ಕೆಂಪಿ ಎರಡೂ ಅಂಗೈ ಬಿಡಿಸಿ ಮುಂದೆ ಹಿಡಿದಳು. ಗೀರುಗಳು ಒಣಗಿ ಕಪ್ಪು ಗೆರೆಗಳಾಗಿದ್ದವು. ಕೈ ನೋಡುವುದು ಅವಳಿಗೆ ಗೊತ್ತಿತ್ತು. ತೋರಿಸಿಕೊಂಡು ನಿಲ್ಲುವುದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.

ಸಬೀರಾ ಹ್ಯಾಂಡಲ್ಲನ್ನು ಆ ಕೈಗಳಿಗೆ ಕೊಟ್ಟಳು.

"ಬೆಲ್ಲು ಕೆಲ್ಸ ಮಾಡಲ್ಲ," ಅಂದಳು. "ಬಾಯಲ್ಲೇ ಕೂಗ್ಕೋ."

ಕೆಂಪಿ ಎಲ್ಲರಿಗಿಂತ ನಿಧಾನ. ಅದಕ್ಕೇ ಎಲ್ಲರಿಗಿಂತ ಮುಂದೆ. ಕೆರೆ ಏರಿಯ ಮೇಲೆ ಅವಳು ಒಳಪೆಡ್ಲು ಹೊಡೆಯುತ್ತ, ನೆಲ ನೋಡುತ್ತ ಹೋದಳು. ಹಿಂದೆ ಮುನಿಗಂಗಪ್ಪನ ಚಕ್ರ ಟಿಕ್ ಟಿಕ್ ಅನ್ನುತ್ತಿತ್ತು. ಯಾರೋ ಏನೋ ಹೇಳಿದರು. ನಗು ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಅವಳವರೆಗೂ ಬಂತು.

ಹೊಂಗೆ ಮರ ಹತ್ತಿರವಾದಾಗ ಅವಳು ತಲೆ ಎತ್ತಿದಳು. ಹುಲ್ಲಿನ ಬಣವೆಯ ಹಿಂದೆ ತಾತನ ರುಮಾಲು ಕಾಣಿಸುತ್ತಿತ್ತು. ತಾತನ ಬೆರಳು ಗಾಳಿಯಲ್ಲಿ ಒಂದೊಂದು ಸೈಕಲ್ಲಿನ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ಹಿಂದಿನಿಂದ ಎಣಿಸುತ್ತಿದ್ದ. ಏಳು, ಎಂಟು ಅಂತ ಇರಬೇಕು.

ಬೆರಳು ಅವಳ ಮೇಲೆ ಬಂದು ನಿಂತಿತು. ಅಲ್ಲೇ ನಿಂತಿತು.

ಕೆಂಪಿ ಒಂದು ಕೈ ಬಿಟ್ಟು, ಅಂಗೈ ಬಿಡಿಸಿ, ತಾತನಿಗೆ ಕಾಣುವ ಹಾಗೆ ಮೇಲಕ್ಕೆ ಎತ್ತಿದಳು. ಸೈಕಲ್ಲು ಓಲಾಡಿತು. ಅವಳು ಕೈ ಇಳಿಸಲಿಲ್ಲ.